ಎಡಸುತ್ತಿನ ಕಲ್ಲು

ಅವರು ಹಿಟ್ಟನ್ನು ಸುಮ್ಮನೆ ಕೈಗೆ ಕೊಡುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಚಿಟಿಕೆ ತಿಕ್ಕಿ ನೋಡಿ, "ನೀವೂ ನೋಡ್ರಿ" ಎನ್ನುತ್ತಿದ್ದರು. ನೋಡದೆ ಡಬ್ಬಿ ಎತ್ತಿಕೊಂಡರೆ ಬಿಡುತ್ತಿರಲಿಲ್ಲ. "ಮನೆಗೆ ಹೋದ ಮೇಲೆ ತರಿ ಐತೆ, ಕಮ್ಮಿ ಐತೆ ಅನ್ನಂಗಿಲ್ಲ. ಏನಂತೀರೋ ಇಲ್ಲೇ ಅನ್ರಿ. ನಾನೂ ಇಲ್ಲೇ ಇದೀನಿ." ಆಮೇಲೆ ಗಿರಣಿ ನಿಲ್ಲಿಸಿ, ಅದರ ಬಾಯಿಗೆ ಕಟ್ಟಿದ ಬಟ್ಟೆಯ ಚೀಲವನ್ನು ಕೊಡವಿ, ಮರದ ಪಟ್ಟಿಯಿಂದ ತಟ್ಟಿ, ಒಳಗೆ ಉಳಿದ ಹಿಡಿ ಹಿಟ್ಟನ್ನೂ ಅದೇ ಡಬ್ಬಿಗೆ ಸುರಿಯುತ್ತಿದ್ದರು. ಕೊನೆಗೆ ಎರಡೂ ಅಂಗೈ ಬಿಚ್ಚಿ ನಮ್ಮ ಮುಂದೆ ಹಿಡಿಯುತ್ತಿದ್ದರು. ಹಿರಿಯೂರಿನ ಬೇರೆ ಯಾವ ಗಿರಣಿಯಲ್ಲೂ ನಾನು ಇದನ್ನು ನೋಡಲಿಲ್ಲ. ಇಷ್ಟು ಪ್ರಾಮಾಣಿಕತೆಯನ್ನು ತೋರಿಸುವವರು ಏನನ್ನೋ ಮುಚ್ಚಿಡುತ್ತಿರಬೇಕು ಎಂದು ಮೊದಲ ದಿನವೇ ನನಗೆ ಅನ್ನಿಸಿತ್ತು.

ಅವರ ಹೆಸರನ್ನು ಬರೆಯುವುದಿಲ್ಲ. ಅವರ ಮಗಳು ಬೇಡ ಎಂದರು. ನನಗೂ ಅದೇ ಸರಿ ಕಂಡಿತು. ಬೀದಿಯವರು ಎದುರಿಗೆ ಅವರನ್ನು ಗಿರಣಿ ಸಾಬ್ರು ಎನ್ನುತ್ತಿದ್ದರು. ಬೆನ್ನ ಹಿಂದೆ ಅವರಿಗೆ ಇನ್ನೊಂದು ಹೆಸರಿತ್ತು.

ಹಳೆಯ ಕೆರೆ, ಕಾಲುವೆ, ತೂಬುಗಳ ಸಮೀಕ್ಷೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಇತಿಹಾಸದಲ್ಲಿ ಎಂ.ಎ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ. ಹಿರಿಯೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅದರ ಹಿಂದಿನ ಓಣಿಯಲ್ಲೇ ಅವರ ಗಿರಣಿ. ಮೊದಲ ಸಲ ಜೋಳ ತೆಗೆದುಕೊಂಡು ಹೋದಾಗ ಅವರು ನನ್ನ ಸ್ಟೀಲಿನ ಡಬ್ಬಿ ನೋಡಿ, "ಮನೇಲಿ ಎಷ್ಟು ಜನ?" ಎಂದು ಕೇಳಿದರು. ನಾನು ಡಬ್ಬಿಯನ್ನು ಅವರ ಮುಂದೆ ಸರಿಸಿದೆ. "ಒಬ್ರೇನಾ?" ಎಂದರು. ಬೀಸಲು ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಜೋಳವನ್ನು ಅಡಿಯಿಂದ ಮೇಲೆ ತಿರುವಿ ಹಾಕಿದರು. ಮೊಳೆ, ಕಲ್ಲು, ಸೂಜಿ ಏನಾದರೂ ಇದ್ದೀತು ಎಂಬ ಅನುಮಾನ ಅವರಿಗೆ. ಯಾರ ಡಬ್ಬಿಯನ್ನೂ ಅವರು ನಂಬುತ್ತಿರಲಿಲ್ಲ.

ಆ ಇನ್ನೊಂದು ಹೆಸರನ್ನು ನನಗೆ ಹೇಳಿದವಳು ಈರಕ್ಕ. ಬಬ್ಬೂರಿನ ಕಡೆ ಕುರಿ ಮೇಯಿಸುವ ಮನೆತನದ ಮುದುಕಿ. ಹದಿನೈದು ದಿನಕ್ಕೊಮ್ಮೆ ರಾಗಿ ಹೊತ್ತುಕೊಂಡು ಬಂದು, ತನ್ನ ಸರದಿ ಮುಗಿದ ಮೇಲೂ ಗಿರಣಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

"ಇವನ ತಾತನ್ನ ಏನಂತಿದ್ರು ಗೊತ್ತಾ? ನಿಧಿ ಸಾಬ್ರು. ಇವನೂ ನಿಧಿ ಸಾಬ್ರೇ," ಎಂದಳು, ಯಂತ್ರದ ಸದ್ದನ್ನೂ ಮೀರುವಷ್ಟು ಗಟ್ಟಿಯಾಗಿ. ಆಮೇಲೆ ಅವರ ಕಡೆ ತಿರುಗಿ, "ಏನ್ ಸಾಬ್ರೆ, ನಿಮ್ಮ ತಾತ ಕೊಪ್ಪರಿಗೆ ಎತ್ತಿದ್ದು ಹೌದಾ ಅಲ್ವಾ, ಈ ಹುಡುಗಿಗೆ ಹೇಳ್ರಿ. ಓದಿದೋಳು, ಬರ್ಕಂತಾಳೆ" ಎಂದಳು.

"ಕೊಪ್ಪರಿಗೆ ಇದ್ದಿದ್ರೆ ನಿನ್ನ ರಾಗಿ ಧೂಳು ಕುಡ್ಕಂಡು ಇಲ್ಲಿ ಯಾಕೆ ನಿಂತಿರ್ತಿದ್ದೆ ಈರಕ್ಕ?"

"ಅದೇ ನಾಟಕ ಅನ್ನೋದು. ಇದ್ದೋರು ಇಲ್ದಂಗೆ ಇರ್ತಾರೆ."

"ಇಲ್ದೋರು ಹೆಂಗಿರ್ತಾರೆ ಹಂಗಾರೆ?"

"ನನ್ನಂಗೆ ಇರ್ತಾರೆ. ಬಾಯಿ ಮಾಡ್ಕಂಡು."

ಅವರು ನಕ್ಕರು. ಆದರೆ ಆ ದಿನ ಈರಕ್ಕನ ಡಬ್ಬಿಗೆ ಚೀಲವನ್ನು ಎರಡು ಸಲ ಕೊಡವಿದರು.

ಕಥೆ ಇಷ್ಟು. ಬಬ್ಬೂರಿನಾಚೆ ಹಳೆಯ ಕಾಲುವೆಯ ದಂಡೆಯಲ್ಲಿ ಒಂದು ಕಲ್ಲಿನ ಕೋಣೆಯಿದೆ. ಅದರ ಕೆಳಗೆ ಎರಡಾಳು ಆಳದ ಗುಂಡಿ. ಇವರ ತಾತ ಆ ಗುಂಡಿಗೆ ಇಳಿಯುವುದನ್ನು, ಒದ್ದೆ ಬಟ್ಟೆಯಲ್ಲಿ ಹೆಗಲ ಮೇಲೆ ಚೀಲ ಹೊತ್ತು ಹತ್ತುವುದನ್ನು ಕುರಿಯವರು ಕಂಡಿದ್ದರಂತೆ. ಸ್ವಲ್ಪ ಕಾಲದ ಮೇಲೆ ಆತ ಪೇಟೆಯಲ್ಲಿ ಎಂಜಿನ್ ಗಿರಣಿ ಹಾಕಿದರು. ಊರು ಆ ಚೀಲಕ್ಕೂ ಎಂಜಿನ್ನಿಗೂ ಗಂಟು ಹಾಕಿತು. ಸಾಬ್ರು ಹೇಳುತ್ತಿದ್ದುದು ಬೇರೆ. ಅದು ನೀರಿನಿಂದ ತಿರುಗುತ್ತಿದ್ದ ಬೀಸುವ ಗಿರಣಿ, ತಮ್ಮ ತಾತ, ಮುತ್ತಾತ ಅದನ್ನು ನಡೆಸುತ್ತಿದ್ದರು, ಗುಂಡಿ ಇದ್ದದ್ದು ನೀರಿನ ಚಕ್ರಕ್ಕೆ. ಈ ಸೀಮೆಯಲ್ಲಿ ನೀರಿನಿಂದ ಬೀಸುವ ಗಿರಣಿಯನ್ನು ನಾನು ಕಂಡಿರಲಿಲ್ಲ, ಓದಿರಲೂ ಇಲ್ಲ. ಹಾಗಾಗಿ ನಂಬಲಿಲ್ಲ.

ನಮ್ಮ ಪಟ್ಟಿಯಲ್ಲಿ ಆ ಕಟ್ಟಡ 'ಉಪಯೋಗ ತಿಳಿಯದು' ಎಂದಿತ್ತು. ನೋಡಲು ಹೋದರೆ ಬಾಗಿಲಿಗೆ ಬೀಗ. ಕೀಲಿ ಗಿರಣಿ ಸಾಬ್ರ ಹತ್ತಿರ ಎಂದು ತಿಳಿಯಿತು.

"ಯಾರು ಹೇಳಿದ್ರು ನನ್ನ ಹತ್ರ ಐತೆ ಅಂತ?" ಎಂದರು ಅವರು. ಹೇಳಿದೆ. "ನಿಮ್ಮನ್ನ ಕಳಿಸಿದೋರು ಯಾರು? ನೀವು ಯಾವ ಊರೋರು? ತಂದೆ ಏನ್ ಮಾಡ್ತಾರೆ?"

"ನನ್ನ ವಿಷಯ ಬೇಡ. ಕಟ್ಟಡದ ವಿಷಯ ಮಾತಾಡೋಣ," ಎಂದೆ.

"ನಮ್ಮ ತಾತನ ವಿಷಯ ಊರೆಲ್ಲ ಮಾತಾಡಬೌದು. ನಿಮ್ಮ ತಂದೆ ವಿಷಯ ನಾನು ಕೇಳಂಗಿಲ್ಲ. ಅಲ್ವಾ?"

ಹೊಸದುರ್ಗ, ಅಂಚೆ ಕಚೇರಿ ಎಂದೆ. ಅವರು ತಲೆಯಾಡಿಸಿದರು. "ಶುಕ್ರವಾರ ನಮಾಜ್ ಆದ ಮೇಲೆ ಹೋಗಾಣ."

ಹೋಗಿ ನೋಡಿದರೆ ಆ ಕೋಣೆಗೆ ಚಾವಣಿಯೇ ಇರಲಿಲ್ಲ. ಒಂದು ಕಡೆ ಗೋಡೆ ನನ್ನ ಹೆಗಲಿಗೂ ಬರುತ್ತಿರಲಿಲ್ಲ. ಯಾರು ಬೇಕಾದರೂ ಹತ್ತಿ ಇಳಿಯಬಹುದಾದ ಕಡೆ ಅವರು ಉಡಿದಾರಕ್ಕೆ ಕಟ್ಟಿದ್ದ ಕೀಲಿ ಬಿಚ್ಚಿ, ಬೀಗ ತೆಗೆದು, ಬಾಗಿಲು ತಳ್ಳಿ, "ಬರ್ರಿ" ಎಂದರು. ಇಂಥ ಕಟ್ಟಡಕ್ಕೆ ಬೀಗ ಯಾಕೆ ಎಂದು ಕೇಳಿದೆ.

"ಬೀಗ ಕಳ್ಳರನ್ನ ತಡೆಯಕಲ್ಲ ಮೇಡಮ್ಮಾರೆ. ಬೀಗ ಇದ್ದಾಗ ಗೋಡೆ ಹತ್ತಿದೋನು ಕಳ್ಳ ಅಂತ ಗೊತ್ತಾಗ್ತೈತೆ. ಇಲ್ದಿದ್ರೆ ಎಲ್ರೂ ನೋಡಾಕೆ ಬಂದೋರೇ."

ಗುಂಡಿಗೆ ಇಳಿಯಲು ಗೋಡೆಯಲ್ಲೇ ಚಾಚಿದ ಕಲ್ಲಿನ ಮೆಟ್ಟಿಲುಗಳಿದ್ದವು. ನಾನು ಟೇಪು ಹಿಡಿದು ಇಳಿದೆ. ಅವರು ಮೇಲಿನಿಂದ ಟಾರ್ಚು ಬಿಟ್ಟರು. ಬೆಳಕು ಗೋಡೆಯ ಮೇಲಿರದೆ ನನ್ನ ಕೈಗಳ ಮೇಲೆಯೇ ಇತ್ತು. ನಾನು ಎತ್ತ ಕೈ ಚಾಚಿದರೂ ಬೆಳಕು ಅತ್ತ ಬರುತ್ತಿತ್ತು. ಕಡೆಗೆ ಟಾರ್ಚನ್ನು ನನ್ನ ಕೈಗೇ ಕೊಡಿ ಎಂದು ಇಸಿದುಕೊಂಡೆ.

ಕಾಲುವೆಯ ಕಡೆಯ ಗೋಡೆಯಲ್ಲಿ ಇಳಿಜಾರಾದ ಒಂದು ತೂತಿತ್ತು. ಅದು ಮಧ್ಯದಲ್ಲಿರದೆ ಒಂದು ಪಕ್ಕಕ್ಕಿತ್ತು. ಗುಂಡಿಯ ನಡುವೆ, ನೆಲದ ಕಲ್ಲಿನಲ್ಲಿ, ಅಂಗೈಯಷ್ಟು ಅಗಲದ ಕುಳಿ, ಕನ್ನಡಿಯಂತೆ ನುಣುಪಾಗಿ ಸವೆದಿತ್ತು. ಸಾಬ್ರು ಮೇಲಿನಿಂದಲೇ ವಿವರಿಸಿದರು. ಚಕ್ರವನ್ನು ನೆಲಕ್ಕೆ ಮಲಗಿಸಿದಂತೆ ಕೂರಿಸುತ್ತಿದ್ದರು. ತೂತಿನಿಂದ ಧುಮುಕಿದ ನೀರು ಅದರ ಹಲಗೆಗಳಿಗೆ ಬಡಿಯುತ್ತಿತ್ತು. ಚಕ್ರದ ನಡುವಿನ ಕಂಬ ಮೇಲಿನ ಕೋಣೆಗೆ ಹೋಗಿ, ಕೆಳಗಲ್ಲಿನ ತೂತಿನಲ್ಲಿ ಹಾದು, ಮೇಲ್ಗಲ್ಲನ್ನು ತಿರುಗಿಸುತ್ತಿತ್ತು. ಚಕ್ರ, ಕಂಬ ಎರಡೂ ಎಂದೋ ಹೋಗಿದ್ದವು. ಕೆಳಗಲ್ಲನ್ನು ನಿಧಿಯ ಆಸೆಗೆ ಯಾರೋ ಒಡೆದು ಹಾಕಿದ್ದರು.

"ನಿಮ್ಮ ತಾತ ಯಾಕೆ ಇಳೀತಿದ್ರು?"

"ಹೂಳು ತೆಗಿಯಾಕೆ. ಹೂಳು ತುಂಬಿದ್ರೆ ಚಕ್ರ ಹೆಂಗೆ ತಿರುಗ್ತೈತೆ?"

"ಹೂಳನ್ನು ಚೀಲದಲ್ಲಿ ಯಾಕೆ ಹೊತ್ತುಕೊಂಡು ಹೋಗಬೇಕು? ಪಕ್ಕಕ್ಕೆ ಹಾಕಬಹುದಿತ್ತಲ್ಲ."

"ಪಕ್ಕಕ್ಕೆ ಹಾಕಿದ್ರೆ ಮಳೆ ಬಂದಾಗ ಮತ್ತೆ ಕಾಲುವೆಗೇ ಬೀಳ್ತೈತಮ್ಮ," ಎಂದರು. ನಾನು ಅದನ್ನು ಬರೆದುಕೊಂಡೆ. ಉತ್ತರ ತಡವಾಗಿ ಬಂತು ಎಂಬುದನ್ನೂ ಬರೆದುಕೊಂಡೆ.

ಅವರ ಹತ್ತಿರ ಒಂದು ಸಾಕ್ಷಿಯಿತ್ತು. ಮನೆಯ ಹಿತ್ತಿಲಲ್ಲಿ, ನುಗ್ಗೆಮರದ ಬುಡದಲ್ಲಿ, ಎತ್ತಿನ ಗಾಡಿಯ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾದ ಒಂದು ಬೀಸುವ ಕಲ್ಲು. ಆ ಗಿರಣಿಯ ಮೇಲ್ಗಲ್ಲು ಅದೇ ಎಂದು ಅವರು ಹೇಳುತ್ತಿದ್ದರು. ನಾಲ್ಕು ಇಟ್ಟಿಗೆಗಳ ಮೇಲೆ, ಉಳಿ ಹೊಡೆದ ಮುಖವನ್ನು ಆಕಾಶಕ್ಕೆ ಮಾಡಿ ಇಟ್ಟಿದ್ದರು. ಕಲ್ಲಿನ ಮುಖವನ್ನು ಮಣ್ಣಿಗೆ ಹಾಕಬಾರದಂತೆ, ಅದು ಅವರ ಮನೆತನದ ನೇಮ. ಮಗಳು ಅದರ ಮೇಲೆ ಒಗೆದ ಬಟ್ಟೆ ಇಟ್ಟರೆ ಬೈಯುತ್ತಿದ್ದರು.

"ಇದು ಬಲಸುತ್ತಿನ ಕಲ್ಲು ಅಂತಿದ್ರು ನಮ್ಮ ತಾತ. ನೀವು ಗುಡಿ ಸುತ್ತೀರಲ್ಲ, ಹಂಗೆ ಸುತ್ತೋದು," ಎಂದರು.

ಕಲ್ಲಿನ ನಡುವಿನ ಕಣ್ಣಿನಿಂದ ಅಂಚಿನವರೆಗೆ ಓರೆಯಾದ ಗೆರೆಗಳಿದ್ದವು. ಕಲ್ಲು ತಿರುಗುವಾಗ ಹಿಟ್ಟನ್ನು ಹೊರಗೆ ತಳ್ಳುವುದು ಆ ಗೆರೆಗಳ ಕೆಲಸ. ಗೆರೆಗಳ ಓರೆ ನೋಡಿ ಕಲ್ಲು ಎತ್ತ ತಿರುಗುತ್ತಿತ್ತೆಂದು ಹೇಳಬಹುದು ಎಂದು ನಾನು ಓದಿಕೊಂಡಿದ್ದೆ. ತೆಳುಕಾಗದ ಹಾಸಿ ಪೆನ್ಸಿಲಿನಿಂದ ಗೆರೆಗಳನ್ನು ತೆಗೆದುಕೊಂಡು ಬಂದೆ. ಕೋಣೆಯಲ್ಲಿ ಕಾಗದವನ್ನು ಗುಂಡಾಗಿ ಕತ್ತರಿಸಿ, ಮೇಜಿನ ಮೇಲಿಟ್ಟು ತಿರುಗಿಸಿದೆ. ಎಡಕ್ಕೆ ತಿರುಗಿದರೆ ಮಾತ್ರ ಗೆರೆಗಳು ಹಿಟ್ಟನ್ನು ಹೊರಗೆ ತಳ್ಳುತ್ತಿದ್ದವು. ಮೂರು ಸಲ ನೋಡಿದೆ, ಮೂರು ಸಲವೂ ಎಡಸುತ್ತು. ಆದರೆ ಗೋಡೆಯ ತೂತು ಇದ್ದ ಜಾಗ ನೋಡಿದರೆ ನೀರು ಚಕ್ರವನ್ನು ಬಲಸುತ್ತಿಗೇ ತಿರುಗಿಸಬೇಕು. ಅಂದರೆ ಈ ಕಲ್ಲು ಆ ಕಟ್ಟಡದ್ದಲ್ಲ. ಎಲ್ಲಿಂದಲೋ ತಂದಿಟ್ಟು ಕಥೆ ಕಟ್ಟಿದ್ದಾರೆ. ಸುಳ್ಳನ್ನು ಹಿಡಿದವರಿಗೆ ಆಗುವ ಸಮಾಧಾನ ನನಗೂ ಆಯಿತು. ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಇನ್ನೊಂದು ಕಥೆ ಹುಟ್ಟಿಸುತ್ತಾರೆ ಎಂದುಕೊಂಡು ಕೇಳಲಿಲ್ಲ.

ಅದೇ ವಾರ ನಡೆದದ್ದು ಇದು. ಈರಕ್ಕನ ರಾಗಿಯಲ್ಲಿ ಅವರ ಕೈಗೆ ಒಂದು ಮೂಗುಬೊಟ್ಟು ಸಿಕ್ಕಿತು. ಚಿನ್ನದ್ದು. ಬೇರೆ ಯಾರಾದರೂ ಆಗಿದ್ದರೆ ತೆಗೆದು ಅವಳ ಕೈಗೆ ಹಾಕುತ್ತಿದ್ದರು. ಇವರು ಗಿರಣಿ ನಿಲ್ಲಿಸಿ, ಪಕ್ಕದ ಸೈಕಲ್ ಅಂಗಡಿಯವರನ್ನೂ ಎದುರು ಮನೆಯವರನ್ನೂ ಕರೆದು ನಿಲ್ಲಿಸಿದರು. ನನ್ನನ್ನೂ ನಿಲ್ಲಿಸಿದರು. "ಈರಕ್ಕ, ಇದು ಯಾರದು? ಎಲ್ರಿಗೂ ಕೇಳಂಗೆ ಹೇಳು."

"ನಂದು ಕಣಪ್ಪ. ಮೂರು ದಿನದಿಂದ ಹುಡುಕ್ತಿದ್ದೆ. ಕೊಟ್ಟಿದ್ರೆ ಸಾಕಿತ್ತು, ಅದಕ್ಕೆ ಪಂಚಾಯ್ತಿ ಯಾಕೆ?"

"ನನ್ನ ಕೈಯಾಗೆ ಚಿನ್ನ ಕಂಡ್ರೆ ಎಲ್ಲಿಂದ ಬಂತು ಅಂತ ಹೇಳಾಕೆ ನಾಲ್ಕು ಜನ ಬೇಕಲ್ಲ," ಎಂದರು ಅವರು. ಯಾರೂ ನಗಲಿಲ್ಲ. ನಾನು ಇದನ್ನೂ ನಾಟಕವೆಂದೇ ತಿಳಿದೆ.

ವರದಿಯಲ್ಲಿ ಆ ಕಟ್ಟಡಕ್ಕೆ ನಾಲ್ಕು ಸಾಲು ಕೊಟ್ಟೆ. "ಇದು ನೀರಿನಿಂದ ನಡೆಯುತ್ತಿದ್ದ ಬೀಸುವ ಗಿರಣಿ ಎನ್ನಲಾಗಿದೆ. ಪೇಟೆಯ ಒಂದು ಕುಟುಂಬದವರು ಇದನ್ನು ನಡೆಸುತ್ತಿದ್ದರು ಎನ್ನಲಾಗಿದೆ. ಆ ಕುಟುಂಬದ ಬಳಿಯಿರುವ ಕಲ್ಲು ಎಡಸುತ್ತಿನದು, ಈ ಕಟ್ಟಡಕ್ಕೆ ಸೇರಿದ್ದಲ್ಲ. ಒಳಗಿನ ಗುಂಡಿಯನ್ನು ನಿಧಿಗಾಗಿ ತೋಡಿದ್ದು ಎನ್ನಲಾಗಿದೆ." ಮಾಹಿತಿ ಕೊಟ್ಟವರಿಗೆ ಪ್ರತಿ ಕೊಡಬೇಕೆಂಬ ನಿಯಮವಿತ್ತು. ಅವರಿಗೂ ಒಂದು ಜೆರಾಕ್ಸ್ ಕೊಟ್ಟೆ.

ಅವರು ಕನ್ನಡ ನಾಲ್ಕನೇ ತರಗತಿವರೆಗೆ ಓದಿದ್ದವರು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದರು.

"ಎನ್ನಲಾಗಿದೆ ಅಂದ್ರೆ ಯಾರು ಅಂದಿದ್ದು?"

"ಹಾಗೆ ಹೇಳುತ್ತಾರೆ ಅಂತ ಅರ್ಥ."

"ಗಿರಣಿ ಅಂತ ಅಂದೋನು ನಾನು. ನಿಧಿ ಅಂತ ಅಂದೋರು ಊರೋರು. ಎಲ್ಡಕ್ಕೂ ಒಂದೇ ಮಾತು ಹಾಕೀರಲ್ಲ. ನಾನು ಅಂದಿದ್ದಕ್ಕೆ ನನ್ನ ಹೆಸರಾದ್ರೂ ಹಾಕ್ರಿ. ಸುಳ್ಳಾದ್ರೆ ನಂದೇ ಸುಳ್ಳಾಗ್ಲಿ. ಈ 'ಎನ್ನಲಾಗಿದೆ'ಗೆ ಹೋಗಿ ನಾನು ಯಾರ ಮನೆ ಬಾಗಿಲು ತಟ್ಟಲಿ?"

ವರದಿ ಹೋಗಿಯಾಗಿದೆ ಎಂದೆ. ಅವರು ಕಾಗದವನ್ನು ಮಡಚಿ ನನ್ನ ಕೈಗೇ ವಾಪಸ್ಸು ಕೊಟ್ಟರು. "ನನ್ನ ಮಗಳು ಇದನ್ನ ಓದೋದು ಬೇಡ. ಇಷ್ಟು ದಿನ ಬಾಯಾಗಿತ್ತು, ಈಗ ಅಕ್ಷರದಾಗೆ ಬಂತು." ಆಮೇಲೆ ನನ್ನ ಜೋಳ ಬೀಸಿದರು. ಅಂದು "ನೀವೂ ನೋಡ್ರಿ" ಎನ್ನಲಿಲ್ಲ.

ಸಮೀಕ್ಷೆ ಮುಂದೆ ಹೊಳಲ್ಕೆರೆಯ ಕಡೆ ಹೋಯಿತು. ಬಿ.ದುರ್ಗದ ಕೆರೆಗಳು ಮುಗಿದು ರಾಮಗಿರಿಗೆ ಬಂದಿದ್ದೆ. ರೈಲಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹತ್ತಿರದ ಗಿರಣಿಯೊಂದರ ಮುಂದೆ ಒಬ್ಬಾತ ಕಲ್ಲು ಹಾಕಿಕೊಂಡು ಉಳಿ ಸುತ್ತಿಗೆಯಿಂದ ಗೆರೆ ಹೊಡೆಯುತ್ತಿದ್ದ. ಗೆರೆಗಳ ಓರೆ ಸಾಬ್ರ ಕಲ್ಲಿನ ಓರೆಯೇ. ಸುಮ್ಮನಿರಲಾಗದೆ, "ಇದು ಎಡಸುತ್ತಿನದಲ್ವಾ?" ಎಂದೆ.

"ಅಲ್ಲಕ್ಕ, ಬಲಸುತ್ತು."

"ಗೆರೆ ನೋಡಿದ್ರೆ ಎಡಸುತ್ತು."

ಆತ ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದ. "ಇದು ಮೇಲಿನ ಕಲ್ಲಕ್ಕ. ಹಿಂಗೆ ಅಂಗಾತ ಮಲಗ್ಕಂಡು ಬೀಸ್ತೈತಾ? ಕವುಚಿ ಹಾಕ್ತೀವಿ."

ಚೀಲದಲ್ಲಿ ಮಡಚಿದ ಆ ಗುಂಡು ಕಾಗದ ಇನ್ನೂ ಇತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಅದನ್ನು ಬಿಡಿಸಿ ಮಗುಚಿದೆ. ತೆಳುಕಾಗದವಾದ್ದರಿಂದ ಗೆರೆಗಳು ಹಿಂದಿನಿಂದಲೂ ಕಂಡವು. ತಿರುಗಿಸಿದೆ. ಬಲಸುತ್ತು. ಅವರು ಹೇಳಿದ್ದೇ ಸರಿ. ಮುಖ ಮೇಲೆ ಮಾಡಿ ಇಟ್ಟ ಕಲ್ಲನ್ನು ನಾನು ಮುಖ ಮೇಲೆ ಮಾಡಿಯೇ ಬೀಸಿಸಿದ್ದೆ. ಕಲ್ಲು ಆ ಕಟ್ಟಡದ್ದೆಂದು ಇದರಿಂದ ಪೂರ್ತಿ ಸಾಬೀತಾಗುವುದಿಲ್ಲ, ನಿಜ. ಆದರೆ ಅಲ್ಲವೆನ್ನಲು ನನ್ನ ಹತ್ತಿರ ಇದ್ದ ಒಂದೇ ಕಾರಣ ಬಿದ್ದುಹೋಗಿತ್ತು. ಹಿರಿಯೂರಿಗೆ ಹೋಗಿ, ಕೀಲಿ ಇಸಿದುಕೊಂಡು ಮತ್ತೆ ಗುಂಡಿಗೆ ಇಳಿದು, ಅಲ್ಲಿ ಬಿದ್ದಿದ್ದ ಕೆಳಗಲ್ಲಿನ ಚೂರುಗಳನ್ನು ಅಳೆದೆ. ಅಗಲ, ಕಣ್ಣಿನ ಗಾತ್ರ ಎರಡೂ ಹಿತ್ತಿಲ ಕಲ್ಲಿಗೆ ಹೊಂದಿದವು. ಇದನ್ನು ಮೊದಲೇ ಮಾಡಬೇಕಿತ್ತು.

ಸಾಬ್ರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ನಂಬಲಿಲ್ಲ.

"ಈಗ ಯಾಕೆ ಹಿಂಗಂತೀರಿ? ಯಾರು ಹೇಳಿಕೊಟ್ರು? ಕಲ್ಲು ಮ್ಯೂಸಿಯಮ್ಮಿಗೆ ಬೇಕಾ?"

ಕಾಗದ ತೆಗೆದು ತಿರುಗಿಸಿ ತೋರಿಸಿದೆ.

"ಕಾಗದ ಎತ್ತ ಬೇಕಾದ್ರೂ ತಿರುಗ್ತೈತೆ," ಎಂದರು. "ಅವತ್ತೂ ನೀವೇ ತಿರುಗಿಸಿದ್ರಿ, ಇವತ್ತೂ ನೀವೇ ತಿರುಗಿಸ್ತಿದೀರಿ."

"ಮೇಲ್ಗಲ್ಲು ಕವುಚಿ ಕೂರುತ್ತೆ ಅಂತ ನೀವು ಆವತ್ತೇ ಹೇಳಬಹುದಿತ್ತಲ್ಲ?"

"ನೀವು ಕೇಳಲಿಲ್ಲ. ಬೀಸೋ ಕಲ್ಲು ಕವುಚಿ ಕೂರ್ತೈತೆ ಅಂತ ಯಾರಾದ್ರೂ ಹೇಳ್ತಾರೇನಮ್ಮ? ಅನ್ನ ಬಾಯಾಗೆ ಹಾಕ್ಕಳ್ರಿ ಅಂತ ಹೇಳ್ದಂಗೆ ಆಯ್ತದೆ."

ಅವರ ಮಗಳು ಚಹಾ ತಂದಿಟ್ಟು ತಂದೆಗೆ, "ಅಬ್ಬಾ, ತಪ್ಪಾಯ್ತು ಅಂತ ಅವರೇ ಅಂತಿದಾರೆ. ಬಿಡಿ" ಎಂದರು. ಸಾಬ್ರು ಬಿಡಲಿಲ್ಲ. "ತಪ್ಪಾಯ್ತು ಅನ್ನೋದು ಬಾಯಾಗೆ ಬೇಡ. ಬರ್ಕೊಳ್ರಿ. ಗುಂಡಿ ಚಕ್ರಕ್ಕೆ ತೋಡಿದ್ದು. ಬೇರೆ ಯಾವುದಕ್ಕೂ ಅಲ್ಲ. ನಿಧಿ ಇರಲೇ ಇಲ್ಲ."

ಮೊದಲ ವಾಕ್ಯ ಬರೆದೆ. ಉಳಿದೆರಡನ್ನು ಬರೆಯಲು ಆಗುವುದಿಲ್ಲ ಎಂದೆ. ಇರಲಿಲ್ಲ ಎಂದು ನಾನು ಹೇಗೆ ಹೇಳಲಿ? ನಾನು ಕಂಡದ್ದನ್ನಷ್ಟೇ ಬರೆಯಬಲ್ಲೆ.

"ನೋಡಿದ್ರಾ. ಇನ್ನೂ ಅನುಮಾನ ಹೋಗಿಲ್ಲ."

"ಅನುಮಾನವಲ್ಲ. ಗೊತ್ತಿಲ್ಲ."

ಅರ್ಧ ಗಂಟೆ ವಾದ ಮಾಡಿದೆವು. ಕೊನೆಗೆ ಒಪ್ಪಿದ ಸಾಲುಗಳು ಇವು: "ಇದು ನೀರಿನ ಗಿರಣಿ. ಗುಂಡಿ ಚಕ್ರಕ್ಕಾಗಿ ಕಟ್ಟಿದ್ದು, ಅದರ ಗುರುತುಗಳನ್ನು ನಾನು ಅಳೆದು ನೋಡಿದ್ದೇನೆ. ಮೇಲ್ಗಲ್ಲು ಇದೇ ಗಿರಣಿಯ ಅಳತೆಯದು, ಅದನ್ನು ಕಾಪಾಡಿರುವ ಕುಟುಂಬವೇ ಇದನ್ನು ನಡೆಸಿತೆಂದು ಅವರ ಹೇಳಿಕೆ. ನನ್ನ ಹಿಂದಿನ ಬರಹ ತಪ್ಪು." ಕೆಳಗೆ ಸಹಿ ಹಾಕಿಸಿದರು. ತಾರೀಕು ಹಾಕಿಸಿದರು. ಆ ಸಹಿಯನ್ನು ನನ್ನ ಚೀಲದಲ್ಲಿದ್ದ ಹಿಂದಿನ ವರದಿಯ ಸಹಿಯ ಪಕ್ಕ ಇಟ್ಟು ಹೋಲಿಸಿ ನೋಡಿದರು.

ನಮ್ಮ ವರದಿಗಳೆಲ್ಲ ಸೇರಿದ ಪುಸ್ತಕ ಅಷ್ಟರಲ್ಲಿ ಅಚ್ಚಿಗೆ ಹೋಗಿತ್ತು. ತಿದ್ದುಪಡಿಯನ್ನು ಬೇರೆ ಚೀಟಿಯಾಗಿ ಹಾಕಿಸಲು ನಮ್ಮ ಮೇಲಿನವರು ಕಷ್ಟಪಟ್ಟು ಒಪ್ಪಿದರು. ಅದು ಬರುವ ಮೊದಲೇ ಒಂದು ಬೆಳಿಗ್ಗೆ ಮಗಳು ಫೋನ್ ಮಾಡಿ, "ಅಬ್ಬಾ ಹೋದ್ರು" ಎಂದರು. ಗಿರಣಿಯ ಬೆಲ್ಟು ಹಾಕುತ್ತಿದ್ದವರು ಹಾಗೇ ಕುಸಿದರಂತೆ. ನಾನು ಹೊಳಲ್ಕೆರೆಯಿಂದ ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಪುಸ್ತಕ ಬಂತಾ ಎಂದು ಹಿಂದಿನ ದಿನವೂ ಕೇಳಿದ್ದರೆಂದು ಮಗಳು ಹೇಳಿದರು. ಬಂದರೂ ಒಳಗೆ ಚೀಟಿ ಇದೆಯೋ ಇಲ್ಲವೋ ನೋಡಬೇಕು ಎಂದಿದ್ದರಂತೆ.

ಚೀಟಿ ಇತ್ತು. ಪುಟಗಳಿಗೆ ಅಂಟಿಸಿರಲಿಲ್ಲ, ಸಡಿಲವಾಗಿ ಇಟ್ಟಿದ್ದರು. ಕಳೆದ ತಿಂಗಳು ಪ್ರತಿ ಹಿಡಿದುಕೊಂಡು ಹೋದೆ. ಈಗ ಗಿರಣಿ ನಡೆಸುತ್ತಿರುವವರು ಮಗಳು. ಪುಸ್ತಕವನ್ನು ಕಪಾಟಿಗೆ ಹಾಕಿ, ಚೀಟಿಯನ್ನು ಗಿರಣಿಯ ಬಾಗಿಲ ಪಕ್ಕ, ಕಣ್ಣಿನ ಎತ್ತರಕ್ಕೆ, ಮೈದಾ ಅಂಟಿನಿಂದ ಹಚ್ಚಿದರು.

ಕಟ್ಟೆಯ ಮೇಲೆ ಈರಕ್ಕ ಇದ್ದಳು. ಡಬ್ಬಿ ಹಿಡಿದ ಇನ್ನೂ ಮೂವರು ಹೆಂಗಸರಿದ್ದರು. "ಏನದು, ಓದವ್ವ," ಎಂದಳು ಈರಕ್ಕ. ಮಗಳು ಯಂತ್ರ ನಿಲ್ಲಿಸಿ ನಿಧಾನವಾಗಿ ಓದಿದರು. 'ನನ್ನ ಹಿಂದಿನ ಬರಹ ತಪ್ಪು' ಎಂಬಲ್ಲಿ ಅವರ ದನಿ ಸ್ವಲ್ಪ ಏರಿತು.

ಈರಕ್ಕ ಬಹಳ ಹೊತ್ತು ಚೀಟಿಯನ್ನು ನೋಡುತ್ತಿದ್ದಳು. "ಹಂಗಾರೆ ಸಾಬ್ರು ತಗಂಡಿಲ್ಲ," ಎಂದಳು.

"ಇಲ್ಲ," ಎಂದರು ಮಗಳು.

"ಪಾಪ. ಸುಮ್ಸುಮ್ಕೆ ಅಂದ್ವಿ." ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ಹಂಗಾರೆ ನಿಧಿ ಯಾರು ತಗಂಡ್ರು?"

ನಾನು ಏನೋ ಹೇಳಲು ಹೊರಟೆ.

"ಟೇಪು, ಟಾರ್ಚು ಹಿಡ್ಕಂಡು ಎಲ್ಡೆಲ್ಡು ಸಲ ಅದರಾಗೆ ಇಳಿದೋಳು ನೀನೊಬ್ಬಳೇ ಅಲ್ವಾ ಹುಡುಗಿ? ಇಳಿದು ಬಂದೋಳು ಊರೇ ಬಿಟ್ಟೆ."

ಮೂವರು ಹೆಂಗಸರೂ ನನ್ನನ್ನು ನೋಡಿದರು. ಅವಳು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.